ಕೊಳ್ಳಿ ಹೂವು ಮತ್ತು ನನ್ನ ಕೈಗುಣ

ಊಟಿ ಪ್ರವಾಸಕ್ಕೆ ಹೋದಾಗ ಎರಡು ಗಿಡ ತಂದಿದ್ದೆ. ನರ್ಸರಿಯವನು ಹೇಳಿದ ಹೆಸರು ರೆಡ್ ಹಾಟ್ ಪೋಕರ್. ಉದ್ದನೆಯ ದಂಟಿನ ತುದಿಗೆ ಹೂವು. ಕೆಳಗೆ ಹಳದಿ, ಮೇಲೆ ಕೆಂಪು, ಒಲೆಯಿಂದ ಆಗಷ್ಟೇ ಎಳೆದ ಕೊಳ್ಳಿಯ ಹಾಗೆ. ಮನೆಯಲ್ಲಿ ಅದು ಕೊಳ್ಳಿ ಹೂವೇ ಆಯಿತು. ದಷ್ಟಪುಷ್ಟವಾಗಿದ್ದ ಗಿಡವನ್ನು ರಾಯಚೂರಿನ ನಮ್ಮ ಅಂಗಳದಲ್ಲಿ ನೆಟ್ಟೆ. ಬಾಡಿದ್ದನ್ನು ದೇವದುರ್ಗದಲ್ಲಿರುವ ಮೈದುನನ ಹೆಂಡತಿಗೆ ಕೊಟ್ಟೆ. ಬೇಕೆಂದೇ ಕೊಟ್ಟೆ, ಈಗ ಮುಚ್ಚಿಟ್ಟು ಏನು ಪ್ರಯೋಜನ?

ನನ್ನ ಗಿಡಕ್ಕೆ ಎರೆಮಣ್ಣು, ತಿಪ್ಪೆಗೊಬ್ಬರ, ಎರಡು ಹೊತ್ತು ನೀರು. ಎಲೆ ಬೆಳೆದದ್ದೇ ಬೆಳೆದದ್ದು, ಹೂವಿನ ಸುಳಿವಿಲ್ಲ.

"ಈ ಹುಲ್ಲಿಗೆ ಒಂದು ಎಮ್ಮಿ ಕಟ್ಟೋಣೇನು?" ಎಂದು ನನ್ನ ಗಂಡ ಗೇಲಿ ಮಾಡಿದರು.

ಮೈದುನನ ಹೆಂಡತಿ ತನ್ನದನ್ನು ಕಾಂಪೌಂಡಿನ ಪಕ್ಕದ ಕಲ್ಲುಮಣ್ಣಿನ ಗರಸಿನಲ್ಲಿ ಊರಿ ಮರೆತೇಬಿಟ್ಟಿದ್ದಳಂತೆ. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಅವರ ಮನೆಗೆ ಹೋದರೆ, ಗೇಟಿನ ಬಳಿಯೇ ಆ ಹೂವು ನನ್ನ ಎದೆಯೆತ್ತರಕ್ಕೆ ನಿಂತಿತ್ತು. ಒಂದೇ ಒಂದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಮೊಬೈಲ್ ಹಿಡಿದು ಅದರ ಮುಂದೆ ಸಾಲುಗಟ್ಟಿದ್ದರು.

"ನಮ್ಮಕ್ಕ ಕೊಟ್ಟಿದ್ದರೀ. ಆಕಿ ಕೈಗುಣ," ಎಂದು ಅವಳು ನನ್ನನ್ನು ತೋರಿಸಿದಳು.

ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನ್ನ ಕೈಗುಣ ನನ್ನ ಅಂಗಳದಲ್ಲಿ ಎಲ್ಲಿ ಹೋಗಿತ್ತು? ಎಲ್ಲರೂ ಊಟಕ್ಕೆ ಒಳಗೆ ಹೋದಾಗ ನಾನು ಹಿಂದುಳಿದೆ. ದಂಟನ್ನು ಬುಡದಲ್ಲೇ ತಿರುಚಿ ಮುರಿದು ಗೋಡೆಯಾಚೆ ಎಸೆದೆ. ನನ್ನ ವಯಸ್ಸಿಗೆ ತಕ್ಕ ಕೆಲಸವೇ ಅದು? ಕೈ ತೊಳೆದು ಬಂದು ಹೋಳಿಗೆಯನ್ನೂ ತಿಂದೆ. ಬಡಿಸುತ್ತಿದ್ದ ಮೈದುನನ ಹೆಂಡತಿ ನನ್ನ ಸೆರಗನ್ನು ಮೆಲ್ಲಗೆ ಝಾಡಿಸಿ, "ಅರಿಶಿಣ ಚೆಲ್ಲೇದ ನೋಡಕ್ಕಾ," ಎಂದಳು. ಹೂವು ಹೋದದ್ದು ಗೊತ್ತಾದಾಗ, ಮೇಕೆ ತಿಂದಿರಬೇಕೆಂದು ಎಲ್ಲರಿಗಿಂತ ಮೊದಲು ಹೇಳಿದವಳು ನಾನೇ.

ಕೆಲವು ವಾರ ಕಳೆದ ಮೇಲೆ ಅವಳ ಫೋನು ಬಂತು.

"ಅಕ್ಕಾ, ಮೂರು ಕೊಳ್ಳಿ ಎದ್ದಾವ! ಮಾನ್ವಿಯಿಂದ ಬಂದಿದ್ದ ತೋಟದಾಂವ ಹೇಳಿದ, ಒಂದು ಹೂ ಮುರದ್ರ ಗಿಡ ಮತ್ತ ಹೂ ಬಿಡ್ತದಂತ. ನೀ ಮುರದಿದ್ದು ಚಲೋನ ಆತು."

"ನಾ ಯಾಕ ಮುರೀಲಿ?"

"ಅವತ್ತು ನಿನ್ನ ಸೆರಗಿಗೆ ಹತ್ತಿದ್ದು ಅರಿಶಿಣ ಅಲ್ಲಕ್ಕಾ, ಹೂವಿನ ಪುಡಿ. ಮಂದಿ ನೋಡ್ತಾರಂತ ನಾನ ಝಾಡಿಸಿದೆ." ಅವಳು ನಕ್ಕಳು. "ಏನರ ಅನ್ನು, ನಿನ್ನ ಕೈಗುಣ ದೊಡ್ಡದು."

ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನಗುತ್ತಲೇ ಫೋನ್ ಇಟ್ಟುಬಿಟ್ಟಳು. ಆ ನಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅಂಗಳಕ್ಕೆ ಬಂದು ನಿಂತೆ. ನನ್ನ ಗಿಡದಲ್ಲಿ ಮುರಿಯಲಿಕ್ಕೂ ಒಂದು ಹೂವಿರಲಿಲ್ಲ.