ಆದಾಮನ ಕೇಸು ಮತ್ತು ನಮ್ಮ ಬಚ್ಚಲ ಹಂಡೆ

ಹೋದ ಮಂಗಳವಾರ ನಾನು ಒಂದು ತಾಮ್ರದ ಹಂಡೆಗೆ ಬಸ್ ಟಿಕೆಟ್ ತೆಗೆಸಿದೆ. ಆಳಂದದಿಂದ ಗುಲ್ಬರ್ಗಾಕ್ಕೆ ಒಂದು, ಗುಲ್ಬರ್ಗಾದಿಂದ ಜೇವರ್ಗಿಗೆ ಇನ್ನೊಂದು.

ಮೊದಲ ಬಸ್ಸಿನ ಕಂಡಕ್ಟರ್ ನನ್ನ ಗುರುತಿನವನೇ. ಅವನ ತಮ್ಮನಿಗೆ ಜಾಮೀನು ಕೊಡಿಸಿದವನು ನಾನು. ಆದರೂ ಬಿಡಲಿಲ್ಲ. "ವಕೀಲ್ರ, ನಿಮ್ಮ ಗುರ್ತ ಅದರಿ, ಹಂಡೇದ ಗುರ್ತ ಇಲ್ರಿ. ಲಗೇಜ್ ಆಗ್ತದ" ಎಂದ. ನ್ಯಾಯವೇ. ಹಂಡೆ ಸಣ್ಣದೇನಲ್ಲ, ಒಳಗೆ ಐದು ಸೇರು ತೊಗರಿಬೇಳೆ ಬೇರೆ. ಬಾಯಿಗೆ ಟವೆಲ್ ಕಟ್ಟಿ, ಎರಡು ಮೊಣಕಾಲಿನ ನಡುವೆ ಅದನ್ನು ಹಿಡಿದು ಕೂತ ನನ್ನನ್ನು ನೋಡಿ "ಮಗಳ ಮದಿವೇನ್ರಿ?" ಎಂದು ಮೂರು ಜನ ಕೇಳಿದರು. ಹೂಂ ಎಂದುಬಿಟ್ಟೆ. (ನನಗೆ ಮಗಳಿಲ್ಲ ಎಂಬುದು ಈ ಅಂಕಣ ಓದುವ ಎಲ್ಲರಿಗೂ ಗೊತ್ತು.) ಹಂಡೆಯ ನಿಜ ಹೇಳುವುದಕ್ಕಿಂತ ಇಲ್ಲದ ಮಗಳ ಮದುವೆ ಮಾಡುವುದು ಸುಲಭವಾಗಿತ್ತು.

ಇದಕ್ಕೆಲ್ಲ ಕಾರಣ ಸುವಾರ್ತಮ್ಮ ಸಿಸ್ಟರ್.

ಸುವಾರ್ತಮ್ಮ ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ಐವತ್ತು ದಾಟಿದೆ. ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಏಳು ವರ್ಷದಿಂದ ಬಾಡಿಗೆಗೆ ಇದ್ದಾರೆ. ಭಾನುವಾರ ಚರ್ಚ್ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಬಿ.ಪಿ. ನೋಡುವುದು ಅವರ ರೂಢಿ. ಅವರು ತೋಳಿಗೆ ಪಟ್ಟಿ ಸುತ್ತುವಾಗ ಅವರನ್ನು ಕೆಣಕುವುದು ನನ್ನ ರೂಢಿ. "ಏನ್ ಸಿಸ್ಟರ್, ಇವತ್ತ ಪಾಸ್ಟರ್ ಏನ್ ಹೇಳಿದ್ರು?"

ಆ ಭಾನುವಾರ ಪಾಸ್ಟರು ಮೂಲಪಾಪದ ಬಗ್ಗೆ ಹೇಳಿದ್ದರಂತೆ. ಮೊದಲ ಮನುಷ್ಯ ಆದಾಮ. ಅವನು ದೇವರ ಮಾತು ಮೀರಿ ಬೇಡವೆಂದ ಹಣ್ಣು ತಿಂದ. ಅಂದಿನಿಂದ ಹುಟ್ಟುವ ಪ್ರತಿಯೊಬ್ಬನೂ ಆ ಕೆಟ್ಟ ಸ್ವಭಾವವನ್ನು ಹೊತ್ತುಕೊಂಡೇ ಹುಟ್ಟುತ್ತಾನೆ. ತೊಟ್ಟಿಲ ಕೂಸು ಕೂಡ.

ಇಪ್ಪತ್ತು ವರ್ಷ ವಕೀಲಿ ಮಾಡಿದವನ ಮುಂದೆ ಇಂಥ ಮಾತು ಆಡಬಹುದೇ? ನಾನು ಆದಾಮನ ಪರ ಎದ್ದು ನಿಂತೆ. ಆದಾಮನ ಪರ ಅಂದರೇನು, ನನ್ನ ಪರವೇ. ಅವನು ಹಣ್ಣು ತಿಂದರೆ ನನಗೇಕೆ ಸಮನ್ಸು? ಆ ತೋಟದ ಸರ್ವೆ ನಂಬರ್ ಕೂಡ ನನಗೆ ಗೊತ್ತಿಲ್ಲ. ಅಪ್ಪ ಕೊಲೆ ಮಾಡಿದರೆ ಮಗನಿಗೆ ಶಿಕ್ಷೆ ಕೊಡುವ ಕೋರ್ಟು ಯಾವ ಊರಲ್ಲಿದೆ? ಅದೂ ಹೋಗಲಿ, ದಾವೆಯ ಗಡುವು, ಅದೇ ಲಿಮಿಟೇಶನ್, ಮುಗಿದು ಎಷ್ಟು ಸಾವಿರ ವರ್ಷವಾಯಿತು?

ಸುವಾರ್ತಮ್ಮ ಬಲೂನು ಒತ್ತುತ್ತಲೇ ಇದ್ದರು. "ಮತ್ತ ನೀವು ಕಾಲ್ ಮುರದ್ರ ಹಿಂದಿನ ಜನ್ಮದ್ದು ಅಂತೀರಲ್ರಿ. ಅದಕ್ಕ ಲಿಮಿಟೇಶನ್ ಇಲ್ಲೇನ್ರಿ?"

(ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಹಿಂದಿನ ಜನ್ಮದ ಮಾತು ಆಡಬಾರದು. ಕಾಲು ಮುರಿದಾಗ ಮಾತ್ರ ಎಲ್ಲರೂ ಆಡುತ್ತೇವೆ.)

"ನಿಮ್ಮಪ್ಪಾಜಿಗೆ ಬಿ.ಪಿ. ಇತ್ತೇನ್ರಿ?" ಎಂದು ಕೇಳಿದರು.

"ಇತ್ತು. ಅದರಾಗೇ ಹೋದ್ರು."

"ನಿಮಗ ಅದು ಅವರಿಂದ ಬಂದದ. ಅದಕ್ಕ ನಿಮ್ಮನ್ನ ಯಾರೂ ಬೈಯಂಗಿಲ್ರಿ. ಆದ್ರ ಅದ ಅಂತ ಗೊತ್ತಾದ ಮ್ಯಾಲೂ ದಿನಾ ಎರಡ್ ಹೋಳ್ ಉಪ್ಪಿನಕಾಯಿ ತಿಂತೀರಲ್ಲ, ಅದಕ್ಕ ಯಾರನ್ನ ಬೈಬೇಕ್ರಿ?"

ನಾನು ತೋಳು ಬಿಡಿಸಿಕೊಂಡೆ. ಸಿಸ್ಟರ್ ಜೊತೆ ವಾದದಲ್ಲಿ ಸೋತಾಗ ನನಗೆ ಯಾವಾಗಲೂ ಕೋರ್ಟಿನ ಫೈಲು ನೆನಪಾಗುತ್ತದೆ, ಆ ದಿನವೂ ನೆನಪಾಯಿತು.

ಮುಂದಿನ ಭಾನುವಾರ ಅವರ ಚರ್ಚಿನಲ್ಲಿ ಸುಗ್ಗಿ ಹಬ್ಬ. ಊಟಕ್ಕೆ ಬಂದವರು ಕೈ ತೊಳೆಯಲು ನೀರು ತುಂಬಿಡಬೇಕಿತ್ತು. ಸುವಾರ್ತಮ್ಮ ನಮ್ಮ ಬಚ್ಚಲ ಹಂಡೆ ಕೇಳಿದರು. ಅವ್ವ ಕೊಟ್ಟಳು. ಸೋಮವಾರ ಸಂಜೆ ಹಂಡೆ ವಾಪಸ್ ಬಂತು, ಆದರೆ ನಮಗೆ ಗುರುತೇ ಸಿಗಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ನಲವತ್ತು ವರ್ಷದ ಮಸಿ ತೆಗೆದಿದ್ದರು ಪುಣ್ಯಾತ್ಮೆ. ತಾಮ್ರ ಕೆಂಪಗೆ ಹೊಳೆಯುತ್ತಿತ್ತು.

"ಸರ್, ಹಲೀಮಾ ಬೀ ಅಂದ್ರ ಯಾರ್ರಿ?"

ನನಗೇನು ಗೊತ್ತು? ಅವರು ಹಂಡೆಯ ಕಂಠ ತೋರಿಸಿದರು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ಬಳ್ಳಿ ಇತ್ತು. ಚಿಕ್ಕಂದಿನಿಂದ ಮಸಿಯ ನಡುವೆ ಅದನ್ನು ನೋಡುತ್ತಲೇ ಬಂದಿದ್ದೇನೆ. ಬಳ್ಳಿಯೇ ಎಂದು ತಿಳಿದಿದ್ದೆ. ಸುವಾರ್ತಮ್ಮ ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತವರು. ಅವರು ಬಲದಿಂದ ಎಡಕ್ಕೆ ಬೆರಳಾಡಿಸಿ ಓದಿದರು. ಹಲೀಮಾ ಬೀ.

ನಮ್ಮ ಕಡೆ ಮಗಳಿಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹೊಡೆಸುವುದು ನಿಮಗೆ ಗೊತ್ತಿದ್ದದ್ದೇ. ಪಾತ್ರೆ ಹತ್ತು ಮನೆಗೆ ಹೋಗುತ್ತದೆ, ಯಾರದೆಂದು ತಿಳಿದು ವಾಪಸ್ ಬರಲಿ ಎಂದು. ಈ ಹಂಡೆ ಯಾವುದೋ ಅಪ್ಪ ತನ್ನ ಮಗಳು ಹಲೀಮಾಳಿಗೆ ಕೊಟ್ಟದ್ದು. ನಮ್ಮ ಬಚ್ಚಲಿಗೆ ಹೇಗೆ ಬಂತು?

ಅವ್ವನನ್ನು ಕೇಳಿದೆ. ಅವಳು ತೊಗರಿ ಕೇರುತ್ತಿದ್ದಳು. ಮೊರ ನಿಂತಿತು.

"ಅದು ಕಳುವಿಂದಲ್ಲ" ಎಂದಳು. ಕಳುವಿನದು ಎಂದು ನಾನು ಅಂದಿರಲೇ ಇಲ್ಲ.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ ವರ್ಷ. ಮೊದಲು ನಮ್ಮವರು ಹೆದರಿ ಊರು ಬಿಟ್ಟಿದ್ದರು, ಆಮೇಲೆ ಮುಸಲ್ಮಾನರು ಹೆದರಿ ಊರು ಬಿಟ್ಟರು. ಹಲೀಮಾ ಬೀ ನಮ್ಮ ಓಣಿಗೆ ಸೊಸೆಯಾಗಿ ಬಂದವಳು, ಹದಿನೆಂಟರ ಹುಡುಗಿ. ಜೇವರ್ಗಿಯ ತವರಿಗೆ ಹೊರಟಾಗ ಬಂಡಿಯಲ್ಲಿ ಹಂಡೆಗೆ ಜಾಗವಿಲ್ಲದೆ ನಮ್ಮ ಮನೆಯಲ್ಲಿ ಇಟ್ಟುಹೋದಳು. ಬಂದು ಒಯ್ಯುತ್ತೇನೆ ಎಂದಿದ್ದಳು.

"ನಿಮ್ಮಪ್ಪ ಎರಡ್ ವರ್ಷ ಅದಕ್ಕ ನೀರ್ ಹಾಕಿಲ್ಲಪಾ. ಅಟ್ಟದ ಮ್ಯಾಲ ಬೋರಲ ಹಾಕಿಟ್ಟಿದ್ರು. ಕೇಳಾಕ ಬಂದ ದಿನ ನಿಂತ ಕಾಲಮ್ಯಾಲ ಕೊಡಬೇಕು ಅಂತಿದ್ರು. ನಿನ್ನ ತಂಗಿ ಹುಟ್ಟಿದ್ಳು, ಬಾಣಂತನಕ್ಕ ನೀರ್ ಕಾಸೂದಿತ್ತು. ನಾನಾ ಇಳಿಸಿದೆ. ಒಂದ್ ತಿಂಗಳಾ ಅಂದ್ಕೊಂಡೆ."

"ಮತ್ತ ಒಯ್ದು ಕೊಡಲಿಲ್ಲ ಯಾಕ?"

"ಮೊದಲ ಹೆದರಿಕಿ. ಆಮ್ಯಾಲ ನಾಚಿಕಿ. ಮಸಿ ಹಿಡದ ಪಾತ್ರಿ ಯಾವ ಮಾರಿ ತಗೊಂಡು ಒಯ್ದು ಕೊಡ್ಲಿ?" ಮತ್ತೆ ಮೊರ ಎತ್ತಿಕೊಂಡು ಹೇಳಿದಳು, "ಅಷ್ಟಕ್ಕೂ ಯಾರ ಬಂದು ಕೇಳಿದ್ರು?"

ಅಪ್ಪ ಈ ಊರಿನಲ್ಲಿ ಮಾಸ್ತರರಾಗಿದ್ದವರು. ಆಡಿದ ಮಾತಿಗೆ ತಪ್ಪದ ಮನುಷ್ಯ ಎಂದು ಹೆಸರು. ಅವರ ಮಗ ಎಂಬ ಒಂದೇ ಕಾರಣಕ್ಕೆ ನನಗೆ ಮೊದಲ ಕಕ್ಷಿದಾರರು ಬಂದರು. ಹಂಡೆ ಕೊಟ್ಟರೆ ಆ ಹೆಸರಿನ ಗತಿ? ನಾಲ್ಕು ಜನ ನಾಲ್ಕು ಮಾತು ಆಡುವುದಿಲ್ಲವೇ? ಕೊಡದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಪ್ಪ ಉರ್ದು ಚೆನ್ನಾಗಿ ಓದುತ್ತಿದ್ದರು. ದಿನಾ ಬೆಳಿಗ್ಗೆ ಆ ಹೆಸರಿನ ಮುಂದೆ ಕೂತು ಸ್ನಾನ ಮಾಡಿದರಲ್ಲ, ಪಾಪ, ಹೇಗೆ ಮಾಡಿದರೋ. ನನಗಂತೂ ಮರುದಿನ ಆಗಲಿಲ್ಲ. ಬಕೆಟ್ಟಿನಲ್ಲಿ ತಣ್ಣೀರು ಸುರಿದುಕೊಂಡು ಬಂದೆ.

ಸುವಾರ್ತಮ್ಮನ ಮುಂದೆ ಮತ್ತೆ ವಾದ ಹೂಡಿದೆ. ಅವರು ಕೇಳದಿದ್ದರೂ ಹೂಡಿದೆ. ಇಟ್ಟುಕೊಂಡದ್ದು ಅಪ್ಪ. ಇಳಿಸಿದ್ದು ಅವ್ವ. ಆಗ ನನಗೆ ನಾಲ್ಕು ವರ್ಷ. ಯಾರೂ ಬಂದು ಕೇಳಿಲ್ಲ. ಇದರಲ್ಲಿ ನನ್ನದೇನು?

"ನಿನ್ನೀತನಾ ನಿಮ್ದೇನೂ ಇದ್ದಿಲ್ರಿ ಸರ್" ಎಂದರು ಸಿಸ್ಟರ್. "ಈಗ ಹೆಸರ ಓದೇವಲ್ರಿ."

ಮತ್ತೆ ಬಿ.ಪಿ. ಪಟ್ಟಿ ತೆಗೆಯಲಿಲ್ಲ, ಉಪದೇಶ ಮಾಡಲಿಲ್ಲ. ಡ್ಯೂಟಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿ ಹೋದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಬಾಡಿಗೆದಾರರನ್ನು ಬಿಡಿಸುವ ಕಾಯ್ದೆಯ ಎಲ್ಲ ಕಲಮುಗಳೂ ಒಂದೇ ಸಲ ನೆನಪಾದವು.

ಒಯ್ದು ಕೊಡುತ್ತೇನೆ ಎಂದಾಗ ಅವ್ವ ಬೇಡ ಅನ್ನಲಿಲ್ಲ. ಅತ್ತಳು, ಅಷ್ಟೇ. ಆಮೇಲೆ ಎದ್ದು "ಪರರ ಪಾತ್ರಿ ಬರೀದು ಕೊಡಬಾರದಪಾ" ಎಂದು ಬೇಳೆ ಅಳೆದು ಹಾಕಿದಳು.

ಹೀಗೆ ನಾನು, ಹಂಡೆ, ಬೇಳೆ ಮೂವರೂ ಮಧ್ಯಾಹ್ನ ಜೇವರ್ಗಿಯಲ್ಲಿ ಇಳಿದೆವು. ಅವ್ವ ಹೇಳಿದ್ದು ತವರುಮನೆಯ ಬಳೆ ಅಂಗಡಿಯ ಗುರುತು ಮಾತ್ರ. ಅಂಗಡಿ ಇನ್ನೂ ಇತ್ತು. ಅಲ್ಲಿ ಕೂತವನು ಹಲೀಮಾ ಬೀಯ ಅಣ್ಣನ ಮಗ. ಅವನೇ ಹಿಂದಿನ ಓಣಿಯ ಮನೆಗೆ ಕರೆದೊಯ್ದ.

ಹಲೀಮಾ ಬೀಗೆ ಈಗ ಅರವತ್ತರ ಹತ್ತಿರ. ಸಣ್ಣ ಆಳು. ಯಾರೆಂದು ಕೇಳುವ ಮೊದಲೇ ಅವರ ಕಣ್ಣು ಹಂಡೆಯ ಮೇಲೆ ಹೋಯಿತು. ಟವೆಲ್ ಬಿಚ್ಚಿದರು. ಅವರಿಗೆ ಓದಲು ಬರುವುದಿಲ್ಲ. ಕಂಠದ ಸುತ್ತ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. ಸರಿಯಾಗಿ ಹೆಸರಿನ ಮೇಲೆ.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ನಮ್ಮಪ್ಪ ನಿಮ್ಮ ನಂಬಿಕೆ ಉಳಿಸಿಕೊಳ್ಳಲಿಲ್ಲ, ಅದು ತಪ್ಪು, ಅವರು ತೀರಿಕೊಂಡಿದ್ದಾರೆ, ಅವರ ಪರವಾಗಿ ಮಗ ಕೈ ಮುಗಿಯುತ್ತಿದ್ದಾನೆ, ಕ್ಷಮಿಸಬೇಕು ಎಂದೆ. ಬಳೆ ಅಂಗಡಿಯವನ ಕಣ್ಣಲ್ಲಿ ನೀರು ಬಂತು.

ಹಲೀಮಾ ಬೀ ಮಾತ್ರ ತಲೆ ಅಲ್ಲಾಡಿಸಿದರು.

"ಛೇ ಛೇ. ನಿಮ್ಮಪ್ಪಾಜಿಗೆ ಏನ್ ಅನಬ್ಯಾಡ್ರಿ. ಅವತ್ತ ನಮ್ಮನ್ನ ಬಂಡ್ಯಾಗ ಕುಂದ್ರಿಸಿ, ಊರ್ ದಾಟೂತನಾ ಸಂಗಾಟ ನಡದ್ ಬಂದವ್ರು ಅವ್ರಾ. ಜಾನ್ ಉಳೀತು ನಮ್ದು." ಹಂಡೆಯ ಮೇಲಿನ ಬೆರಳು ತೆಗೆಯದೆ ಮುಂದುವರಿಸಿದರು, "ಆಮ್ಯಾಲ ನಾನ್ ಒಂದ್ ಸಲ ಬಂದಿದ್ದೆರಿ ನಿಮ್ಮ ಮನೀಗಿ. ಮಗಳ ಶಾದಿ ಇತ್ತು. ಇದು ಇದ್ರ ಅಕಿಗೆ ಕೊಡಬೇಕಂತ. ನಿಮ್ಮಪ್ಪಾಜಿ ಇದ್ದಿಲ್ಲ. ನೀವಾ ಬಾಗಲದಾಗ ನಿಂತಿದ್ರಿ. ಹೊಸಾ ಕರೀ ಕೋಟ್."

ನಾನು ಬಿಚ್ಚಿಟ್ಟ ಟವೆಲ್ ಎತ್ತಿ ಮಡಚತೊಡಗಿದೆ.

"ಇಟ್ಟ ಸಾಮಾನದ ಅಂದೆ. 'ಪುರಾವಾ ಅದ ಏನು?' ಅಂದ್ರಿ. ಪುರಾವಾ ಒಳಗಾ ಅದ ಬೇಟಾ, ಹೋಗಿ ನೋಡು ಅಂದೆ. ನೀವು ಕೋರ್ಟಿಗೆ ಹೊತ್ತಾತು ಅಂತ ಹೋದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಒಳಗೆ ಹೋಗಿ ನನಗಾಗಿ ಚಹಾಕ್ಕೆ ಇಟ್ಟರು.

ನನಗೆ ನೆನಪಿರಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು. ನೀವು ನಂಬುತ್ತೀರಿ ಕೂಡ. ಆದರೆ ನೆನಪಾಯಿತು. ಎಲ್ಲವೂ ಅಲ್ಲ, ಅಂಗಳದಲ್ಲಿ ನಿಂತ ಒಂದು ಬುರ್ಖಾ, ಬಗಲಲ್ಲಿ ಒಂದು ಖಾಲಿ ಚೀಲ. ವಕೀಲನಾದ ಮೊದಲ ವರ್ಷ. ಪುರಾವೆ ಎಂಬ ಮಾತು ಹೊಸದಾಗಿ ಕಲಿತಿದ್ದೆ, ಎಲ್ಲರ ಮೇಲೂ ಪ್ರಯೋಗ ಮಾಡುತ್ತಿದ್ದೆ. ಒಳಗೆ ಹೋಗಿ ಬಚ್ಚಲು ನೋಡಲು ಹತ್ತು ಹೆಜ್ಜೆ. ನೋಡಲಿಲ್ಲ. ಅಪ್ಪನಿಗೂ ಹೇಳಲಿಲ್ಲ, ಹೇಳುವಂಥದ್ದೇನು ಎಂದುಕೊಂಡೆ. ಅದಾದ ಮೇಲೆ ಅಪ್ಪ ಹದಿಮೂರು ವರ್ಷ ಬದುಕಿದ್ದರು. ಕೇಳಲು ಯಾರಾದರೂ ಬಂದಾರು ಎಂದುಕೊಂಡೇ ಬದುಕಿದ್ದರೇನೋ.

ಆ ಹುಡುಗಿ, ಹಲೀಮಾ ಬೀಯ ಮಗಳು, ಹಂಡೆಯಿಲ್ಲದೆ ಗಂಡನ ಮನೆಗೆ ಹೋದಳು. ಅದಕ್ಕೆ ಆದಾಮ ಕಾರಣನಲ್ಲ. ನಮ್ಮಪ್ಪನೂ ಅಲ್ಲ.

ಚಹಾ ಬಂತು. ಕುಡಿದೆ. "ನಂದು ತಪ್ಪಾತು" ಎಂಬ ಎರಡೇ ಪದ ಹೇಳಬೇಕಿತ್ತು. ಬಾಯಿಗೆ ಬಂದದ್ದು "ಬಸ್ಸಿಗಿ ಹೊತ್ತಾತ್ರಿ" ಎಂಬ ಮಾತು. ಅವರು "ಹೋಗಿ ಬರ್ರಿ, ಅವ್ವಾರಿಗಿ ಸಲಾಂ ಹೇಳ್ರಿ" ಎಂದರು. ಮನೆಗೆ ಬಂದು ಅವ್ವನಿಗೆ ಸಲಾಂ ಹೇಳಿದೆ. ಅಪ್ಪನನ್ನು ಎಷ್ಟು ನೆನೆದರೆಂದು ಹೇಳಿದೆ. ಅವ್ವ ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಭಾನುವಾರ ಸುವಾರ್ತಮ್ಮ "ಏನಾತ್ರಿ ಸರ್?" ಎಂದಾಗ "ಕೊಟ್ಟ ಬಂದೆ" ಎಂದೆ. ಉಳಿದದ್ದನ್ನು ಅವರು ಇಲ್ಲಿ ಓದಲಿ. ಹಲೀಮಾ ಬೀಗೂ ಯಾರಾದರೂ ಓದಿ ಹೇಳಲಿ.

ಅಪ್ಪನ ಪರವಾಗಿ ಕ್ಷಮೆ ಕೇಳುವಾಗ ನನ್ನ ನಾಲಿಗೆ ಎಷ್ಟು ಸರಾಗವಾಗಿ ಹೊರಳಿತ್ತು, ಗೊತ್ತೇನ್ರಿ?