ನಾನಾಡಿದ ಮಾತಿಗೆ ಅವಳು ಕೇಳಿದ ಕ್ಷಮೆ

ನನ್ನ ಮುಖವನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ದನಿ ಮಾತ್ರ ಹಾಗಲ್ಲ. ಶಿವಾಜಿನಗರದ ಬಸ್ ಕಂಡಕ್ಟರು, ನಮ್ಮ ಹೆಡ್‌ಮಾಸ್ಟರು, ನಮ್ಮಪ್ಪನ ಸೀನು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು.

ಎದುರುಮನೆಯ ಹುಡುಗಿ ಹೋದ ವರ್ಷ ಹೀರೋಯಿನ್ ಆದಳು. ಶಾಲೆಯಲ್ಲಿ ನನ್ನದೇ ಕ್ಲಾಸು. ಅವಳಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ. ಮನೆಯಲ್ಲಿ ದಖ್ಖನಿ ಉರ್ದು, ಬೀದಿಗೆ ಬಂದರೆ ನಮ್ಮಂಥದೇ ಕನ್ನಡ. ಮೊದಲ ಸಿನಿಮಾ ಓಡಿದ ಮೇಲೆ, ಅಪ್ಪನ ಹತ್ತಿರ ಹಣ್ಣು ಕೊಳ್ಳುವವರಿಗಿಂತ ಮಗಳ ಫೋಟೊ ತೆಗೆಯುವವರೇ ಹೆಚ್ಚಾದರು.

"ಮಾಸ್ಕ್ ಹಾಕ್ಕೊಂಡ್ರೆ ಕಣ್ಣು ನೋಡಿ ಹಿಡೀತಾರೆ ಮಗಾ. ಕಣ್ಣಿಗೆ ಏನು ಹಾಕ್ಕೊಳ್ಲಿ?" ಅಂದಳೊಮ್ಮೆ.

"ಈರುಳ್ಳಿ ರಸ," ಅಂದೆ. ಚಪ್ಪಲಿ ಬಂತು.

ಇಂದಿರಾನಗರದಲ್ಲೊಂದು ಬಟ್ಟೆ ಅಂಗಡಿಯ ಉದ್ಘಾಟನೆ. ಯಾವನೋ ಮೂಗಿಗೇ ಫೋನ್ ಹಿಡಿದಾಗ ಅವಳು ಮೆಲ್ಲಗೆ "ನಕ್ಕೊ ಭಾಯ್" ಅಂದಳು. ದಖ್ಖನಿಯಲ್ಲಿ ನಕ್ಕೊ ಅಂದರೆ ಬೇಡ. ನಮ್ಮ ಗಲ್ಲಿಯ ಬೆಕ್ಕಿಗೂ ಗೊತ್ತು. ಆದರೆ ಬರೀ ಕನ್ನಡದ ಕಿವಿಗೆ ಅದು 'ನಕ್ಕೋ', ಎಷ್ಟು ಬೇಕೋ ಅಷ್ಟು ನಗು ಅಂತ. ಇಂಥ ತಮಾಷೆ ಬಿಡುವುದುಂಟೆ? ಅವಳ ದನಿಯಲ್ಲಿ ರೀಲ್ ಮಾಡಿದೆ: "ನಕ್ಕೋ ಭಾಯ್, ಚೆನ್ನಾಗಿ ನಕ್ಕೋ. ನಿನ್ನ ಮುಖಕ್ಕೆ ಇನ್ನೇನು ಕೆಲಸ ಇದೆ." ಜೊತೆಗೆ ಆ ಉದ್ಘಾಟನೆಯ ಅವಳ ಫೋಟೊ. ಕೆಳಗೆ ಮಿಮಿಕ್ರಿ ಅಂತ ಬರೆಯಲು ಮರೆತೆ. ಮರೆತೆನೋ, ಬರೆದರೆ ಯಾರೂ ನೋಡಲ್ಲ ಅಂತ ಬಿಟ್ಟೆನೋ, ಈಗಲೂ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ಟಿವಿಯಲ್ಲಿ ಕೆಂಪಕ್ಷರ: ಅಭಿಮಾನಿಯನ್ನು ಗೇಲಿ ಮಾಡಿದ ನಟಿ. ಹಿಂದೆ ನನ್ನ ಗಂಟಲು. ಸುಳ್ಳೇಕೆ ಹೇಳಲಿ, ಮೊದಲ ಐದು ನಿಮಿಷ ಹೆಮ್ಮೆಯೇ ಆಯಿತು. ಆಮೇಲೆ ಎದುರುಮನೆಗೆ ಓಡಿದೆ.

ಅವಳು ಮಂಚದ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. "ಮಧ್ಯಾಹ್ನದೊಳಗೆ ಸಾರಿ ಕೇಳ್ಬೇಕಂತೆ. ಇಲ್ಲಾಂದ್ರೆ ಎರಡನೇ ಸಿನಿಮಾಗೆ ಬೇರೆ ಹುಡುಗಿ ನೋಡ್ತಾರಂತೆ ಪ್ರೊಡ್ಯೂಸರ್. ಯಾವಾಗ ಅಂದೆನೋ ಇದನ್ನ? ಅವತ್ತು ನಾಲ್ಕು ಕಡೆ ಹೋಗಿದ್ದೆ, ಊಟ ಇಲ್ಲ. ಅಂದಿರ್ತೀನಿ. ದನಿ ನಂದೇ."

ಬಾಯಿ ತೆರೆದೆ. ಕೆಳಗೆ ಕಾರು ಹಾರ್ನ್ ಮಾಡಿತು.

"ಏನೋ ಹೇಳೋಕೆ ಬಂದೆ?"

"ನಿಧಾನಕ್ಕೆ ಮಾತಾಡು," ಅಂದೆ. ಊರಿನವರ ದನಿಯೆಲ್ಲ ತೆಗೆಯುವವನಿಗೆ ಸಿಕ್ಕಿದ್ದು ಅಷ್ಟೇ.

ಅವಳು ಕೈಮುಗಿದು ಕ್ಷಮೆ ಕೇಳುವುದನ್ನು ಅವಳಮ್ಮನ ಪಕ್ಕದಲ್ಲೇ ಕೂತು ಟಿವಿಯಲ್ಲಿ ನೋಡಿದೆ. ಅವರು ಚಹಾ ಕೊಡುತ್ತಾ, "ಕೋಪ ಬಂದ್ರೆ ಅವಳಿಗೆ ಕನ್ನಡ ಬರೋದೇ ಇಲ್ಲಪ್ಪ. ನಮ್ ಮಾತಲ್ಲೇ ಬೈಯೋದು," ಅಂದರು. ನನ್ನ ಕಡೆ ತಿರುಗಲಿಲ್ಲ. ಚಹಾ ನಾಲಗೆ ಸುಟ್ಟಿತು.

ಸಂಜೆ ಅವಳಿಗೆ ಹೇಳಿಬಿಟ್ಟೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ.

"ಹಾಗಾದ್ರೆ ನಾನು ಅಂದಿಲ್ಲ?"

"ಇಲ್ಲ ಕಣೇ."

"ನಂಗೆ ಅಂದಿದ್ದು ನೆನಪಿದೆಯಲ್ಲೋ. ಆ ಅಂಗಡಿ ಮೆಟ್ಟಿಲು, ನಾನು ನಕ್ಕೋ ಅಂದಾಗ ಅವನ ಮುಖ ಸಣ್ಣಗಾಗಿದ್ದು, ಎಲ್ಲ."

"ನಿಜ ಏನೂಂತ ವಿಡಿಯೊ ಹಾಕ್ತೀನಿ," ಅಂದೆ.

"ಬೇಡ್ವಂತೆ. ಅಮ್ಮ ಅನುಮಾನಪಟ್ರು ಅಂತ ಪ್ರೊಡ್ಯೂಸರನ್ನ ಆಗಲೇ ಕೇಳ್ದೆ, ಯಾರೋ ನನ್ನ ದನಿ ಮಾಡಿರಬಹುದಾ ಅಂತ. ಸಾರಿ ಚೆನ್ನಾಗಿ ಓಡ್ತಿದೆ, ಕೆದಕಬೇಡಮ್ಮ ಅಂದ್ರು. ಸಿನಿಮಾ ನಂದೇ."

ಸಂತೋಷಪಡಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ.

ಈಗ ಪ್ರತಿ ಸಂದರ್ಶನ ಪ್ರಸಾರವಾದ ಮೇಲೂ ಅವಳು ಅದರ ತುಣುಕೊಂದನ್ನು ನನಗೆ ಕಳಿಸುತ್ತಾಳೆ. "ಇದು ನಾನೇ ತಾನೆ?" ಅಂತ ಕೇಳುತ್ತಾಳೆ. ಕಿವಿಗೊಟ್ಟು ಎರಡು ಸಲ ಕೇಳಿ, ಹೌದು ಅನ್ನುತ್ತೇನೆ. ಅವಳು ನನ್ನ ಮಾತು ನಂಬುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ.