ಟಿವಿಯಲ್ಲಿ ಸರಿ, ಹಾಳೆಯಲ್ಲಿ ತಪ್ಪು

ಕೊರೋನಾ ಕಳೆದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಹಾನುಬಾಳು ಹೋಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಎಂಟನೇ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು. ಹೆಚ್ಚಿನವರು ಕಾಫಿ ಎಸ್ಟೇಟ್‌ಗಳ ಕೂಲಿ ಲೈನ್‌ಮನೆಗಳಿಂದ ಬರುವವರು. ಪುಸ್ತಕದ ರೂಢಿಯೇ ತಪ್ಪಿಹೋಗಿದ್ದ ಅವರಿಗಾಗಿ ಕ್ವಿಜ್ ಆಟ ಶುರುಮಾಡಿದೆ. ಪ್ರಶ್ನೆಯೂ ಆಯ್ಕೆಯ ನಾಲ್ಕು ಉತ್ತರಗಳೂ ಗೋಡೆಯ ಟಿವಿಯಲ್ಲಿ ದೊಡ್ಡದಾಗಿ ಮೂಡುತ್ತವೆ. ಪ್ರತಿ ಮಗುವಿನ ಕೈಯಲ್ಲಿ ಕಪ್ಪು ಚೌಕಗಳ ಒಂದು ಮುದ್ರಿತ ಕಾರ್ಡ್. ನಾಲ್ಕು ಅಂಚಿಗೆ ನಾಲ್ಕು ಉತ್ತರ; ತನ್ನ ಕಾರ್ಡಿನ ಯಾವ ಅಂಚು ಎಷ್ಟನೇ ಉತ್ತರಕ್ಕೆ ಎಂಬುದು ಪ್ರತಿ ಮಗುವಿಗೂ ಬಾಯಿಪಾಠ. ಸರಿಯೆನಿಸಿದ ಅಂಚನ್ನು ಮೇಲೆ ಮಾಡಿ ಹಿಡಿದರೆ ನನ್ನ ಫೋನಿನ ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ. ಆಟ ಮುಗಿದ ಮೇಲೆ ಅದೇ ಪಾಠದ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟು ಬರೆಸುತ್ತಿದ್ದೆ.

ಪವಿತ್ರ ಎಂಬ ಹುಡುಗಿ ಆಟದಲ್ಲಿ ಹತ್ತಕ್ಕೆ ಒಂಬತ್ತು ತೆಗೆಯುತ್ತಿದ್ದಳು. ಹಾಳೆಯಲ್ಲಿ ಎರಡೋ ಮೂರೋ. ಮೂರು ವಾರ ಹೀಗೇ ಆಯಿತು. ಪಕ್ಕದವಳ ಕಾರ್ಡ್ ನೋಡಿ ಹಿಡಿಯುತ್ತಾಳೆ ಎಂದುಕೊಂಡು ಎಲ್ಲರೆದುರು ಕೇಳಿಯೇಬಿಟ್ಟೆ. "ಇಲ್ಲ ಮಿಸ್" ಎಂದಳು, ಅಷ್ಟೇ. ಮಾರನೆಯ ದಿನದಿಂದ ಬರಲಿಲ್ಲ.

ನಾಲ್ಕನೇ ದಿನ ಅವಳ ತಾಯಿ ಜಯಮ್ಮ ಟಿ.ಸಿ. ಕೇಳಲು ಬಂದರು.

"ಓದು ಇವ್ಳ ತಲೆಗೆ ಹತ್ತಕ್ಕಿಲ್ಲ ಮೇಡಮ್ಮೋರೆ. ಪುಸ್ತಕ ಹಿಡುದ್ರೆ ಸಾಕು, ತಲೆನೋವು ಅಂತಾಳೆ. ಸುಮ್ನೆ ಯಾಕೆ, ಬುಡುಸ್ಬುಡ್ತೀನಿ."

ಒಂದು ವಾರ ತಡೆಯಿರಿ ಎಂದು ಕಳಿಸಿದೆ. ಆಮೇಲೆ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದರ ಚಿತ್ರದಂತೆ ಇನ್ನೊಂದರದು ಇರಲಿಲ್ಲ; ಒಂದರಲ್ಲಿ ಮೊದಲ ಉತ್ತರಕ್ಕಿದ್ದ ಅಂಚು ಇನ್ನೊಂದರಲ್ಲಿ ಮೂರನೆಯದಕ್ಕಿತ್ತು. ನೋಡಿ ಹಿಡಿಯಲು ಸಾಧ್ಯವೇ ಇರಲಿಲ್ಲ. ನಾನೇ ಪ್ರಿಂಟ್ ತೆಗೆದು ಕತ್ತರಿಸಿದ ಕಾರ್ಡ್‌ಗಳು. ನಾಚಿಕೆಯಾಯಿತು. ಹಾಗಾದರೆ ಹಾಳೆಯಲ್ಲೇಕೆ ತಪ್ಪುತ್ತಾಳೆ? ಜಯಮ್ಮ ಹೇಳಿದ ತಲೆನೋವು ನೆನಪಾಯಿತು.

ಮರುದಿನ ಪವಿತ್ರಳನ್ನು ಕರೆಸಿ ಕೊನೆಯ ಬೆಂಚಿನಲ್ಲಿ ಕೂರಿಸಿದೆ. ಟಿವಿಯ ಪ್ರಶ್ನೆಯನ್ನು ಸರಾಗವಾಗಿ ಓದಿದಳು. ಹಾಳೆ ಕೊಟ್ಟೆ. ಅದನ್ನು ಮೆಲ್ಲಗೆ ದೂರ ಸರಿಸುತ್ತ ಹೋದಳು. ಕೈ ಪೂರ್ತಿ ಚಾಚಿದಾಗ ತಡವರಿಸುತ್ತ ಒಂದು ಸಾಲು ಓದಿದಳು.

"ಅಕ್ಷರ ಮಸುಕು ಅಂತ ಯಾಕಮ್ಮ ಹೇಳ್ಲಿಲ್ಲ?"

"ಎಲ್ರಿಗೂ ಹಂಗೇ ಕಾಣ್ತೈತೆ ಅಂದ್ಕಂಡಿದ್ದೆ ಮಿಸ್."

ಆ ಶನಿವಾರ ತಾಯಿ ಮಗಳ ಜೊತೆ ನಾನೂ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋದೆ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ, ದಪ್ಪ ಕನ್ನಡಕವೇ ಬೇಕು ಎಂದರು. ಜಯಮ್ಮ, "ದಡ್ಡಿ ಅಂತ ಎಷ್ಟು ಬಯ್ದುಬುಟ್ಟೆ ಕಣವ್ವ" ಎಂದು ಮಗಳ ತಲೆ ಸವರಿದರು. ಬಯ್ದವಳು ನಾನೂ ಹೌದು. ಎಲ್ಲರೆದುರು ಹೊರಿಸಿದ ತಪ್ಪನ್ನು ಸೋಮವಾರ ಎಲ್ಲರೆದುರೇ ಒಪ್ಪಿಕೊಂಡೆ. ಪವಿತ್ರ ತಲೆ ತಗ್ಗಿಸಿ ನಕ್ಕಳು. ಕನ್ನಡಕ ಬಂದ ಮೇಲಿನ ಮೊದಲ ಹಾಳೆಯಲ್ಲಿ ಏಳು ಉತ್ತರ ಸರಿಯಿದ್ದವು.

ಆಟವೊಂದೇ ಇದ್ದಿದ್ದರೆ ಅವಳು ಜಾಣೆ, ಹಾಳೆಯೊಂದೇ ಇದ್ದಿದ್ದರೆ ದಡ್ಡಿ. ಎರಡನ್ನೂ ಪಕ್ಕಪಕ್ಕ ಇಟ್ಟದ್ದರಿಂದ ನಿಜ ಗೊತ್ತಾಯಿತು. ಈಗಲೂ ತಪ್ಪು ಉತ್ತರ ಬರೆದ ಮಗುವಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಪ್ರಶ್ನೆಯನ್ನು ಒಮ್ಮೆ ನನಗೆ ಓದಿ ಹೇಳು.